ಒಲ್ಲದ ಮನೆ, ಒಲ್ಲದ ಒಕ್ಕಲು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಗಾದೆ ಹುಟ್ಟಿದ ಕಾಲದಲ್ಲಿ ಜನರು ಮನೆಯನ್ನು ಕಟ್ಟುತ್ತಿದ್ದುದು ತಾವು ವಾಸಿಸುವುದಕ್ಕಾಗಿ; ಅನ್ಯರನ್ನು ಇರಿಸಿ ಅವರಿಂದ ತಿಂಗಳು ತಿಂಗಳಿಗೂ ಹಣವನ್ನು ಪಡೆಯುವುದಕ್ಕಾಗಿ ಅಲ್ಲ. ಮನೆ ಕಟ್ಟುವವನ ಕಷ್ಟಕ್ಕೆ ಒಂದು ಕೊನೆಯುಂಟು. ಸೂರಿಗೆ ಹಂಚು ಹೊದಿಸಿದ ದಿನ ಅದು ಮುಗಿಯುತ್ತದೆ. ಬಾಡಿಗೆಗೆ ಕೊಟ್ಟವನ ಕಷ್ಟ ಆ ದಿನ ಮೊದಲಾಗುತ್ತದೆ. ಅದರಲ್ಲಿಯೂ ಬೇರೆ ಯಾರೂ ಬಯಸದ ಮನೆಯನ್ನು ಅಗ್ಗವೆಂದು ಕೊಂಡು, ಅದರೊಡನೆ ಬೇರೆ ಯಾರೂ ಬಯಸದ ಬಾಡಿಗೆಯವರನ್ನೂ ಪಡೆದವನ ಪಾಡು ವಿಚಾರಾರ್ಹವಾದುದು.

ಕನ್ನಡದಲ್ಲಿ ‘ಒಕ್ಕಲು’ ಎಂಬುದೊಂದು ಸೊಗಸಾದ ಮಾತು. ಒಂದು ಕುಟುಂಬವೆಂದರೂ ಒಕ್ಕಲು. ಪರರ ಭೂಮಿಯಲ್ಲಿ, ಪರರ ಮನೆಯಲ್ಲಿ ನೆಲೆಸಿದವನೂ ಒಕ್ಕಲು. ಹೊಸ ಮನೆಯನ್ನು ಸೇರುವ ಶುಭಕರ್ಮವೂ ಮನೆಯೊಕ್ಕಲು. ಒಳಗೆ ಬರುವವನು ಒಡೆಯನಾಗಿ ಬಂದರೂ ಬಾಡಿಗೆಯವನಾಗಿ ಬಂದರೂ ಭಾಷೆ ಭೇದವನ್ನೆಣಿಸಲಿಲ್ಲ. ಭೇದವನ್ನೆಣಿಸಿದುದು ಹಣ.

ಮಾಗಡಿ ತಾಲ್ಲೂಕಿನ ಕುದೂರು ಹೋಬಳಿಯ ಮುಖ್ಯಸ್ಥಳ. ಸಮೀಪದಲ್ಲಿ ಭೈರವನ ದುರ್ಗದ ಬೆಟ್ಟವಿದೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಅನತಿದೂರದಲ್ಲಿರುವುದರಿಂದ ರಾಜಧಾನಿಯ ನಿವೇಶನಗಳ ಬೆಲೆಯ ಬಿಸಿ ಈ ಸೀಮೆಗೂ ತಗುಲಿದೆ. ಇಲ್ಲಿನ ಒಬ್ಬ ವೃದ್ಧ ದಿನಸಿ ವ್ಯಾಪಾರಿಗಳು ತಮ್ಮ ಒಣಹೊಲವೊಂದನ್ನು ಮಾರಿದಾಗ ಅವರ ಕೈಗೆ ಜನ್ಮದಲ್ಲಿ ಕಾಣದಷ್ಟು ಹಣ ಬಂದಿತು. ಅವರಿಗೆ ವಿಶ್ರಾಂತಿವೇತನವಿಲ್ಲ, ಅಂಗಡಿಯನ್ನು ನಡೆಸುವ ಶಕ್ತಿ ಉಡುಗಿತ್ತು, ಮಗ ಬೆಂಗಳೂರಿನಲ್ಲಿ ತನ್ನ ಸಂಸಾರದ ಭಾರವನ್ನು ಹೊತ್ತಿದ್ದನು. ಯಾರ ಮುಂದೆಯೂ ಕೈಯೊಡ್ಡದೆ ಉಳಿದ ಕಾಲವನ್ನು ಕಳೆಯಬೇಕೆಂಬುದೊಂದೇ ಅವರ ಆಸೆ. ಪೇಟೆಯ ಹಿಂದಣ ಓಣಿಯಲ್ಲಿ ಒಂದೇ ಸೂರಿನ ಕೆಳಗೆ ಸಾಲಾಗಿದ್ದ ಐದು ಹಳೆಯ ಮನೆಗಳು ಮಾರಾಟಕ್ಕಿವೆಯೆಂದು ತಿಳಿಯಿತು. ಬೆಲೆ ಅಗ್ಗವಾಗಿತ್ತು. ಊರಿನವರು ಅವರನ್ನು ಯಜಮಾನರೆಂದು ಕರೆಯುತ್ತಿದ್ದರು. ಆ ಹೆಸರೇ ಈ ಲೇಖನಕ್ಕೂ ಸಾಕು.

ಅಗ್ಗವಾದ ಮನೆ ಅಗ್ಗವಾಗಿರುವುದಕ್ಕೆ ಕಾರಣವೊಂದಿರುತ್ತದೆ. ಆ ಕಾರಣವನ್ನು ಮಾರುವವನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ. ಈ ಸಾಲುಮನೆಗಳಿಗೆ ಕಾರಣಗಳು ಮೂರು. ಮೊದಲನೆಯದು ಕಣ್ಣಿಗೆ ಕಾಣುವಂಥದು: ಮಣ್ಣಿನ ಗೋಡೆಗಳಿಗೆ ಬುಡದಿಂದ ತೇವವೇರಿ ಗಾರೆ ಉದುರುತ್ತಿತ್ತು, ತೊಲೆಗಳಿಗೆ ಗೆದ್ದಲು ಹತ್ತಿತ್ತು, ಐದನೆಯ ಮನೆಯ ಹಿತ್ತಲಗೋಡೆ ಬಿದ್ದೇಹೋಗಿತ್ತು. ಎರಡನೆಯದು ಕಾಗದದಲ್ಲಿ ಅಡಗಿದ್ದುದು. ಮಾಗಡಿ ತಾಲ್ಲೂಕು 1986ರವರೆಗೆ ಬೆಂಗಳೂರು ಜಿಲ್ಲೆಗೂ, ಅಲ್ಲಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ, ಆಮೇಲೆ ರಾಮನಗರ ಜಿಲ್ಲೆಗೂ ಸೇರಿತು. ಆ ಜಿಲ್ಲೆಗೆ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಹೀಗೆ ಒಂದೇ ಗೋಡೆಯ ಪತ್ರಗಳಲ್ಲಿ ಹಲವು ಜಿಲ್ಲೆಗಳ ಹೆಸರು ಬರುವುದು ಈ ಕಡೆಯ ಆಸ್ತಿಗಳಿಗೆ ಸಾಮಾನ್ಯವೇ, ಅದರಿಂದ ಹಾನಿಯಿಲ್ಲ. ಹಾನಿ ಇದ್ದುದು ಬೇರೆ ಕಡೆ. ಮಾರಿದವರು ಅಣ್ಣತಮ್ಮಂದಿರು, ಅವರ ತಂಗಿಯ ಸಹಿ ಪತ್ರದಲ್ಲಿರಲಿಲ್ಲ. ಹಿಂದೂ ಉತ್ತರಾಧಿಕಾರ ಶಾಸನಕ್ಕೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳೂ ಮಗನಂತೆಯೇ ಹಕ್ಕುಳ್ಳವಳೆಂಬುದನ್ನು ಓಣಿಯ ಮಕ್ಕಳೂ ಅರಿತಿರುವ ಈ ಕಾಲದಲ್ಲಿ, ಋಣಭಾರ ಪತ್ರವನ್ನು ಮಾತ್ರ ನೋಡಿ ವಂಶವೃಕ್ಷವನ್ನು ನೋಡದೆ ಕೊಳ್ಳುವವರು ಇನ್ನೂ ಇರುವರು. ಪುಣ್ಯಕ್ಕೆ ಆ ತಂಗಿ ಸಾಧುಸ್ವಭಾವದವಳಾಗಿದ್ದುದರಿಂದ ಯೋಗ್ಯವಾದ ಮೊತ್ತವನ್ನು ಪಡೆದು ಹಕ್ಕುಬಿಡುಗಡೆಯ ಪತ್ರವನ್ನು ನೋಂದಾಯಿಸಿಕೊಟ್ಟಳು. ಅಗ್ಗದ ಮೂರನೆಯ ಒಂದು ಪಾಲು ಅಲ್ಲಿಯೇ ಕರಗಿತು.

ಮೂರನೆಯ ಕಾರಣವೇ ಒಳಗಿದ್ದ ಒಕ್ಕಲುಗಳು. ಮೊದಲ ಮನೆಯ ದರ್ಜಿಯ ವಿಷಯದಲ್ಲಿ ಹೇಳತಕ್ಕುದೇನೂ ಇಲ್ಲ; ತಿಂಗಳ ಐದನೆಯ ತಾರೀಖು ತಪ್ಪದೆ ಬಾಡಿಗೆಯನ್ನು ತಂದುಕೊಡುವವನು. ಎರಡನೆಯ ಮನೆಯವನು ಬಾಡಿಗೆಯನ್ನೇ ಕೊಡುತ್ತಿರಲಿಲ್ಲ. ಕೇಳಿದರೆ, ಹಿಂದಣ ಒಡೆಯರಿಗೆ ಇಡುಗಂಟು ಕೊಟ್ಟು ಭೋಗ್ಯಕ್ಕೆ ಸೇರಿದ್ದೇನೆಂದು ಕರಾರುಪತ್ರವನ್ನು ತೋರಿಸಿದನು. ಮೂರನೆಯ ಮನೆಯಲ್ಲಿ ಹೂ ಕಟ್ಟಿ ಮಾರುವ ವಿಧವೆಯೊಬ್ಬಳು ಇಬ್ಬರು ಮಕ್ಕಳೊಡನೆ ಇದ್ದಳು. ಏಳು ತಿಂಗಳ ಬಾಕಿ. ನಾಲ್ಕನೆಯದನ್ನು ಗುಜರಿ ವ್ಯಾಪಾರದವನೊಬ್ಬನು ಹಿಡಿದಿದ್ದನು. ಅರ್ಧ ಮನೆಯಲ್ಲಿ ತುಕ್ಕು ಹಿಡಿದ ಕಬ್ಬಿಣವನ್ನು ತುಂಬಿ, ಉಳಿದರ್ಧವನ್ನು ಕೂಲಿಯವರಿಗೆ ಒಳಬಾಡಿಗೆಗೆ ಕೊಟ್ಟು, ತಾನು ಬಾಡಿಗೆಯನ್ನು ತೆಗೆದುಕೊಳ್ಳುವುದರಲ್ಲಿ ಎಷ್ಟು ಚುರುಕೋ ಕೊಡುವುದರಲ್ಲಿ ಅಷ್ಟೇ ಮರೆವುಳ್ಳವನಾಗಿದ್ದನು.

ಇಂತಹ ಸ್ಥಿತಿಯಲ್ಲಿ ಶಾಸನವೇನು ಹೇಳುತ್ತದೆಂಬುದನ್ನು ಕೊಳ್ಳುವ ಮೊದಲೇ ತಿಳಿಯುವುದು ಲೇಸು. 1882ರ ಸ್ವತ್ತು ವರ್ಗಾವಣೆಯ ಶಾಸನ ಇಂದಿಗೂ ಈ ವ್ಯವಹಾರದ ಮೂಲಗ್ರಂಥ. ಮನೆಯಲ್ಲಿ ಪ್ರತ್ಯಕ್ಷವಾಗಿ ವಾಸಿಸುತ್ತಿರುವವನಿಗೆ ಇರಬಹುದಾದ ಹಕ್ಕು ಕೊಳ್ಳುವವನಿಗೆ ತಿಳಿದೇ ಇದೆಯೆಂದು ಅದು ಭಾವಿಸುತ್ತದೆ. “ನನಗೆ ಗೊತ್ತಿರಲಿಲ್ಲ” ಎಂಬ ಮಾತು ನಡೆಯದು. ಆದಕಾರಣ ಮಾರುವವನನ್ನು ಹತ್ತು ಪ್ರಶ್ನೆ ಕೇಳುವುದಕ್ಕಿಂತ ಇರುವವನನ್ನು ಒಂದು ಪ್ರಶ್ನೆ ಕೇಳುವುದು ಮೇಲು. ಮತ್ತೊಂದು ಸಂಗತಿ: ಮಾರಾಟಕ್ಕೆ ಮುಂಚಿನ ಬಾಡಿಗೆಯ ಬಾಕಿ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಹೊಸ ಒಡೆಯನಿಗೆ ಸೇರದು, ಮಾರಾಟದ ಸುದ್ದಿ ತಿಳಿಯದೆ ಬಾಡಿಗೆಯವನು ಹಳೆಯ ಒಡೆಯನಿಗೆ ಕೊಟ್ಟ ಹಣವನ್ನು ಅವನಿಂದ ಎರಡನೆಯ ಸಲ ವಸೂಲು ಮಾಡುವಂತೆಯೂ ಇಲ್ಲ. ಯಜಮಾನರು ಹೂವಿನವಳ ಏಳು ತಿಂಗಳ ಬಾಕಿಯನ್ನು ತಮ್ಮ ಲೆಕ್ಕದಲ್ಲಿ ಬರೆದುಕೊಂಡಿದ್ದರು. ಮಾಗಡಿಯ ವಕೀಲರು ಅದರಲ್ಲಿ ನಾಲ್ಕು ತಿಂಗಳನ್ನು ಮೊದಲ ದಿನವೇ ಹೊಡೆಸಿಹಾಕಿದರು.

ಭೋಗ್ಯದವನ ಸಂಗತಿ ಸ್ವಾರಸ್ಯವಾದುದು. ಬಾಡಿಗೆ ಕೊಡದೆ ಕೂತಿರುವವನೆಂದು ಓಣಿಯವರೆಲ್ಲ ಅವನನ್ನು ಹಳಿಯುತ್ತಿದ್ದರು. ವಿಚಾರಿಸಿ ನೋಡಿದರೆ ಅವನು ಸಾಲಿಗನಲ್ಲ, ಸಾಲ ಕೊಟ್ಟವನು. ಒಡೆಯನು ಇಡುಗಂಟನ್ನು ಪಡೆದು ಮಗಳ ಮದುವೆಗೋ ಕೊಳವೆಬಾವಿಗೋ ಸುರಿದುಬಿಡುತ್ತಾನೆ. ಅವಧಿ ತೀರಿದಾಗ ಹಿಂದಿರುಗಿಸಲು ಹಣವಿಲ್ಲ. ಆಗ “ಬಿಡುವುದಿಲ್ಲವೆನ್ನುತ್ತಾನೆ” ಎಂಬ ಅಪವಾದ ಮಾತ್ರ ಬಾಡಿಗೆಯವನ ತಲೆಗೆ. ಭೋಗ್ಯದ ಹಣ ಒಡೆಯನ ಸಂಪಾದನೆಯಲ್ಲ, ಅವನ ಬಳಿ ಇರುವ ನಿಕ್ಷೇಪ. ಯಜಮಾನರು ಅದನ್ನು ಎರಡು ಕಂತುಗಳಲ್ಲಿ ತೀರಿಸಿ ರಸೀತಿ ಪಡೆದರು. ಆತ ಮರುವಾರವೇ ಮನೆಯನ್ನು ಗುಡಿಸಿ, ಒಲೆಯ ಮಸಿಗೆ ಸುಣ್ಣ ಬಳಿಸಿ, ಬೀಗದ ಕೈಯನ್ನು ತಂದುಕೊಟ್ಟು ಹೋದನು. ಓಣಿಯ ಅತ್ಯಂತ ಕೆಟ್ಟ ಬಾಡಿಗೆಯವನೆಂದು ಹೆಸರಾಗಿದ್ದವನೇ ಅತ್ಯಂತ ಸುಲಭವಾಗಿ ಹೋದವನು.

ಗುಜರಿಯವನ ವಿಷಯ ಹಾಗಾಗಲಿಲ್ಲ. ಬೆಂಗಳೂರಿನಿಂದ ಬಂದ ಮಗನು ಸಿಟ್ಟಿನಿಂದ, “ಅಪ್ಪಾ, ಇವರಿಗೆಲ್ಲ ನ್ಯಾಯದ ಮಾತು ತಿಳಿಯುವುದಿಲ್ಲ. ದೀಪದ ತಂತಿಯನ್ನು ಕೀಳಿಸಿ, ನಾಲ್ಕು ಸಾಲು ಹಂಚು ತೆಗೆಸಿ, ಮಳೆ ಬಂದರೆ ತಾನೇ ಓಡುತ್ತಾನೆ” ಎಂದನು. ತಂದೆ, “ಹಂಚು ತೆಗೆದರೆ ಮಳೆ ಅವನ ಮೇಲೆ ಮಾತ್ರ ಬೀಳುತ್ತದೇನಪ್ಪಾ? ನನ್ನ ಗೋಡೆಯ ಮೇಲೂ ಬೀಳುತ್ತದೆ” ಎಂದರು. ಮಾತು ವ್ಯಾಪಾರಿಯದು, ಆದರೆ ಶಾಸ್ತ್ರವೂ ಅದೇ ಪಕ್ಷದಲ್ಲಿದೆ. ವಾಸಿಸುತ್ತಿರುವವನನ್ನು ಅವನ ಒಪ್ಪಿಗೆಯಿಲ್ಲದೆ, ನ್ಯಾಯಾಲಯದ ಮಾರ್ಗವನ್ನು ಬಿಟ್ಟು ಹೊರಗೆ ತಳ್ಳಿದರೆ, 1963ರ ನಿರ್ದಿಷ್ಟ ಪರಿಹಾರ ಶಾಸನದ 6ನೆಯ ಪ್ರಕರಣದಂತೆ ಅವನು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಒಡೆತನ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬುದು ಮನೆಯ ಹಂಚಿಗೂ ಸಲ್ಲುವ ಮಾತು.

ಈ ಚಿಂತೆ ಇಂದು ನಿನ್ನೆಯದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳಿಗೆ 1905ರಲ್ಲಿ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆಗಳ ವ್ಯವಹಾರಕ್ಕೆ ಮೀಸಲಾದ ಅಧ್ಯಾಯವಿದೆ. ಒಡೆಯನು ಬೇಡವೆಂದರೂ ಬಿಡದೆ ಇರುವ ಬಾಡಿಗೆಯವನಿಗೂ, ಬಾಡಿಗೆಯನ್ನು ಸಲ್ಲಿಸಿದವನನ್ನು ಹೊರದೂಡುವ ಒಡೆಯನಿಗೂ ಆ ಗ್ರಂಥ ಒಂದೇ ದಂಡವನ್ನು ವಿಧಿಸುತ್ತದೆ: ಹನ್ನೆರಡು ಪಣ. ತಾನಾಗಿ ಬಿಟ್ಟುಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ಕೊಟ್ಟು ಹೋಗಬೇಕು. ಬಾಡಿಗೆ ಕೊಟ್ಟವನನ್ನೂ ಹೊರಗೆ ಹಾಕಬಹುದಾದ ಸಂದರ್ಭಗಳನ್ನು ಗ್ರಂಥ ಎಣಿಸಿ ಹೇಳುತ್ತದೆ: ಬೈಗುಳ ಹೊಡೆದಾಟಗಳಂಥ ಪಾರುಷ್ಯ, ಕಳವು, ಬಲಾತ್ಕಾರದ ಸಾಹಸಕೃತ್ಯ, ಪರಸ್ತ್ರೀಯ ಅಪಹಾರ, ಸುಳ್ಳು ಹಕ್ಕಿನ ಅನುಭೋಗ. ಈ ಪಟ್ಟಿಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇವೆಲ್ಲವೂ ನಡತೆಯ ದೋಷಗಳು. ಹುಟ್ಟಿನ ದೋಷವೆಂಬುದು ಇಲ್ಲಿ ಒಂದೂ ಇಲ್ಲ. ನಗರದ ಕೇರಿಗಳನ್ನು ವರ್ಣಾನುಸಾರವಾಗಿ ಹಂಚಿದ ಅದೇ ಗ್ರಂಥ, ಒಮ್ಮೆ ಬಾಡಿಗೆ ಕೊಟ್ಟು ಸೇರಿದವನನ್ನು ಎಬ್ಬಿಸುವ ಮಾತಿಗೆ ಬಂದಾಗ ಅವನೇನು ಮಾಡಿದನೆಂಬುದನ್ನು ಮಾತ್ರ ಕೇಳಿತು.

ಇಂದು ‘ಒಲ್ಲದ ಬಾಡಿಗೆಯವರು’ ಎಂಬ ಮಾತನ್ನು ಆಡುವವರು ಈ ಭೇದವನ್ನು ಮರೆಯುವುದುಂಟು. “ಯಾವ ಜನ?” ಎಂಬುದು ಮೊದಲ ಪ್ರಶ್ನೆ, “ಏನು ಉದ್ಯೋಗ?” ಎಂಬುದು ಎರಡನೆಯದು, “ಹಿಂದಿನ ಮನೆಯನ್ನು ಏಕೆ ಬಿಟ್ಟಿರಿ?” ಎಂದು ಕೇಳಬೇಕಾದ ಪ್ರಶ್ನೆ ಬರುವುದೇ ಇಲ್ಲ. ಯಜಮಾನರಿಗೂ ಈ ಅಭ್ಯಾಸವಿದ್ದಿತು. ಅವರ ಕುಲದವನೇ ಆದ ಗುಜರಿಯವನು ಬಾಡಿಗೆಯನ್ನು ನುಂಗಿದನು. ಅವರು ಕೊಂಡಾಗ ಸಂಶಯದಿಂದ ನೋಡಿದ ದರ್ಜಿ, ಬೇರೆ ಮತದವನು, ಇಂದಿಗೂ ಐದನೆಯ ತಾರೀಖನ್ನು ತಪ್ಪಿಸಿಲ್ಲ. ಅನುಭವ ಕಲಿಸಿದುದನ್ನು ಪಾಠಶಾಲೆಯೂ ಕಲಿಸಲಾರದು.

ಗುಜರಿಯವನಿಗೆ ಕ್ರಮವಾಗಿ ನೋಟೀಸು ಹೋಯಿತು. ತಿಂಗಳ ಬಾಡಿಗೆಗೆ ಇರುವವನಿಗೆ 1882ರ ಶಾಸನದ 106ನೆಯ ಪ್ರಕರಣದಂತೆ ಹದಿನೈದು ದಿನಗಳ ನೋಟೀಸು ಸಾಕು. ಆದರೆ ನೋಟೀಸಿನ ಅವಧಿ ಕಳೆದ ಮೇಲೆ ಮುಂದಿನ ತಿಂಗಳ ಹಣವನ್ನು ಬಾಡಿಗೆಯೆಂದೇ ಸ್ವೀಕರಿಸಿದರೆ ನೋಟೀಸನ್ನು ಬಿಟ್ಟುಕೊಟ್ಟಂತಾಗುವ ಅಪಾಯವುಂಟು. ಈ ಸೂಕ್ಷ್ಮವನ್ನರಿಯದೆ ಗೆಲ್ಲುವ ದಾವೆಯನ್ನು ಸೋತವರು ಅನೇಕರು. ಓಣಿಯವರು ಬೇರೊಂದು ಭಯವನ್ನು ಹುಟ್ಟಿಸಿದರು: ಹನ್ನೆರಡು ವರ್ಷ ಇದ್ದವನಿಗೆ ಮನೆ ಸೇರಿಹೋಗುತ್ತದಂತೆ! ಇದು ಅರ್ಧಸತ್ಯ. ಬಾಡಿಗೆಯವನಾಗಿ ಒಳಗೆ ಬಂದವನು ತನ್ನನ್ನು ಸೇರಿಸಿದ ಒಡೆಯನಿಗೆ ಆಗ ಒಡೆತನವಿರಲಿಲ್ಲವೆಂದು ಹೇಳುವಂತಿಲ್ಲ. 1872ರ ಸಾಕ್ಷ್ಯ ಶಾಸನದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಎಷ್ಟು ವರ್ಷ ಬಾಡಿಗೆಗಿದ್ದರೂ ಬಾಡಿಗೆಯವನು ಬಾಡಿಗೆಯವನೇ. ಆದರೆ ಬಾಡಿಗೆಯ ಸಂಬಂಧ ಕಡಿದುಹೋದ ದಿನದಿಂದ ಹನ್ನೆರಡು ವರ್ಷದೊಳಗೆ ಒಡೆಯನು ದಾವೆ ಹೂಡಬೇಕೆಂದು 1963ರ ಕಾಲಮಿತಿ ಶಾಸನ ಹೇಳುತ್ತದೆ. ನಿದ್ರಿಸುವ ಒಡೆಯನನ್ನು ಯಾವ ಶಾಸನವೂ ಎಬ್ಬಿಸುವುದಿಲ್ಲ.

ದಾವೆ ಮಾಗಡಿಯಲ್ಲಿ ಮೂರು ವರ್ಷ ನಡೆಯಿತು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯ ಅರ್ಥ ಯಜಮಾನರಿಗೆ ಬಸ್ಸಿನ ಚೀಟಿಗಳ ಲೆಕ್ಕದಲ್ಲಿ ತಿಳಿಯಿತು. ತೀರ್ಪು ಬರುವ ಮೊದಲೇ ರಾಜಿಯಾಯಿತು: ಬಾಕಿಯನ್ನು ಕೇಳುವುದಿಲ್ಲ, ಎರಡು ತಿಂಗಳಲ್ಲಿ ಮನೆಯನ್ನು ಬಿಡತಕ್ಕುದು. ಮಗನಿಗೆ ಇದು ಸೋಲಾಗಿ ಕಂಡಿತು. ತಂದೆ ಲೆಕ್ಕದ ಪುಸ್ತಕವನ್ನು ಮುಂದಿಟ್ಟರು. ಬಾಕಿಗಿಂತ ಮನೆ ಖಾಲಿಯಾಗಿ ಬಾಡಿಗೆ ಬರುವ ಒಂದು ವರ್ಷದ ಬೆಲೆ ಹೆಚ್ಚು. ಮಾನಕ್ಕಾಗಿ ಮಾಡುವ ವ್ಯಾಜ್ಯ, ಹಣಕ್ಕಾಗಿ ಮಾಡುವ ವ್ಯಾಪಾರ, ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಲಾಗದು.

ಹೂವಿನವಳ ಬಾಕಿಯೇ ಎಲ್ಲಕ್ಕಿಂತ ಕಠಿಣವಾಯಿತು. ಏಕೆಂದರೆ ಅಲ್ಲಿ ಎದುರಾಳಿ ದುಷ್ಟನಲ್ಲ. ಆಕೆಯ ಬಾಡಿಗೆ ನಿಂತರೆ ಯಜಮಾನರ ಮದ್ದಿಗೆ ಹಣ ನಿಲ್ಲುತ್ತಿತ್ತು. ಆಕೆ ಬಾಡಿಗೆ ಕೊಟ್ಟರೆ ಮಕ್ಕಳ ಊಟಕ್ಕೆ ಕುಂದುಂಟಾಗುತ್ತಿತ್ತು. ಕೇಳಲೆಂದು ಹೋದ ದಿನ ಅವರು ಕಂಡದ್ದು, ಒಲೆಯ ಮೇಲಣ ಸೂರು ಸೋರಿ ನೆಲದಲ್ಲಿ ಮೂರು ಪಾತ್ರೆಗಳನ್ನಿಟ್ಟಿದ್ದುದು. “ಇದನ್ನೇಕೆ ಹೇಳಲಿಲ್ಲ ತಾಯಿ?” ಎಂದು ಕೇಳಿದರು. “ಬಾಕಿ ಇರೋಳು ಯಾವ ಮುಖ ಇಟ್ಟುಕೊಂಡು ಹೇಳಲಿ ಯಜಮಾನರೇ?” ಎಂದಳು. ಬಾಡಿಗೆ ನಿಂತ ಮನೆಯಲ್ಲಿ ದೂರೂ ನಿಂತುಹೋಗುತ್ತದೆ. ದೂರು ನಿಂತ ಮನೆ ಒಳಗೊಳಗೇ ಕೊಳೆಯುತ್ತದೆ. ಹೀಗೆ ಬಾಡಿಗೆಯವರ ಮೌನ ಒಡೆಯನ ಗೋಡೆಯನ್ನು ತಿನ್ನುತ್ತಿರುವಾಗ, ಕೇಳಲು ಬಾರದ ಒಡೆಯನ ಮೌನವೂ ಬಾಕಿಯನ್ನು ಬೆಳೆಯಿಸುತ್ತಿರುತ್ತದೆ.

ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ (1838–1912) ಈ ಗಂಟನ್ನೇ ಬಿಚ್ಚಿದಳು. 1865ರಲ್ಲಿ ಜಾನ್ ರಸ್ಕಿನ್ ಕೊಟ್ಟ ಹಣದಿಂದ ಮೇರಿಲ್‌ಬೋನಿನ ಪ್ಯಾರಡೈಸ್ ಪ್ಲೇಸ್ ಎಂಬ ಕೊಳಕು ಓಣಿಯಲ್ಲಿ ಮೂರು ಮನೆಗಳು ಆಕೆಯ ಆಡಳಿತಕ್ಕೆ ಬಂದವು. ಸ್ವರ್ಗವೆಂಬ ಹೆಸರು ಮಾತ್ರ ಅಲ್ಲಿದ್ದುದು. ಹಾಕಿದ ಹಣಕ್ಕೆ ಶೇಕಡಾ 5ರ ಲಾಭ ಬರಬೇಕೆಂಬುದು ಕರಾರು. ಆಕೆ ವಾರ ವಾರವೂ ತಾನೇ ಹೋಗಿ ಬಾಡಿಗೆಯನ್ನು ಪಡೆಯುತ್ತಿದ್ದಳು. ಬಾಕಿ ಬೆಳೆಯಲು ಬಿಡುತ್ತಿರಲಿಲ್ಲ. ಹಠದಿಂದ ಕೊಡದವರನ್ನು ಬಿಡಿಸುತ್ತಿದ್ದಳು. ಅದೇ ಭೇಟಿಯಲ್ಲಿ ಒಡೆದ ಕಿಟಕಿಯನ್ನೂ ಸೋರುವ ಕೊಳಾಯಿಯನ್ನೂ ನೋಡಿ ರಿಪೇರಿ ಮಾಡಿಸುತ್ತಿದ್ದಳು. ರಿಪೇರಿಗೆಂದು ತೆಗೆದಿರಿಸಿದ ಹಣದಲ್ಲಿ ಮಿಕ್ಕುದನ್ನು ಬಾಡಿಗೆಯವರು ಬಯಸಿದ ಸೌಕರ್ಯಕ್ಕೆ ಖರ್ಚು ಮಾಡುವಳು. ಹೀಗಾಗಿ ಮನೆಯನ್ನು ಕೆಡಿಸದಿರುವುದು ಅವರಿಗೇ ಲಾಭವಾಯಿತು. ದಯೆಗೆ ಲೆಕ್ಕ ಬೇಡವೆನ್ನುವವರೂ ಲೆಕ್ಕಕ್ಕೆ ದಯೆ ಬೇಡವೆನ್ನುವವರೂ ಈ ಚರಿತ್ರೆಯನ್ನು ಓದತಕ್ಕುದು.

ಒಡೆಯರು ತಾವಾಗಿ ಮಿತಿಯನ್ನು ಕಾಣದೆಡೆ ಸರ್ಕಾರ ಬಂದು ಮಿತಿಯನ್ನು ಹಾಕಿದುದೂ ಉಂಟು. 1915ರಲ್ಲಿ ಗ್ಲಾಸ್ಗೋ ನಗರದ ಹೆಂಗಸರು ಬಾಡಿಗೆ ಕೊಡುವುದಿಲ್ಲವೆಂದು ಬೀದಿಗಿಳಿದುದರಿಂದ ಬ್ರಿಟನ್ನಿನಲ್ಲಿ ಆ ವರ್ಷವೇ ಬಾಡಿಗೆ ನಿಯಂತ್ರಣ ಬಂದಿತು, ಮುಂಬಯಿಯಲ್ಲಿ 1918ರಲ್ಲಿ. ಕನ್ನಡನಾಡಿನ 1961ರ ನಿಯಂತ್ರಣ ಶಾಸನ ನಾಲ್ಕು ದಶಕಗಳ ಕಾಲ ನಡೆದು, 1999ರ ಬಾಡಿಗೆ ಶಾಸನ 2001ರ ಡಿಸೆಂಬರ್ 31ರಂದು ಅದರ ಸ್ಥಾನಕ್ಕೆ ಬಂದಿತು. ನಿಯಂತ್ರಣ ಬಡವನಿಗೆ ನೆಲೆ ಕೊಟ್ಟುದು ನಿಜ. ಬಾಡಿಗೆ ಏರದ ಮನೆಗೆ ಸುಣ್ಣವೂ ಏರಲಿಲ್ಲವೆಂಬುದೂ ನಿಜ.

ಯಜಮಾನರು ಆಕ್ಟೇವಿಯಾ ಹಿಲ್ಲಳ ಹೆಸರನ್ನು ಕೇಳಿದವರಲ್ಲ. ಆದರೂ ಮಾಡಿದುದು ಅದನ್ನೇ. ಮೊದಲು ಸೂರನ್ನು ಸರಿಮಾಡಿಸಿದರು. ಆಮೇಲೆ, ಮುಂದಣ ತಿಂಗಳುಗಳ ಬಾಡಿಗೆಯನ್ನು ತಪ್ಪದೆ ಕೊಡುವುದು, ಹಳೆಯ ಬಾಕಿಗೆ ಕೈಯಲ್ಲಿದ್ದಷ್ಟನ್ನು ಸೇರಿಸುವುದು ಎಂಬ ಒಪ್ಪಂದವಾಯಿತು. ಹಬ್ಬದ ತಿಂಗಳುಗಳಲ್ಲಿ ಆಕೆ ಬಾಕಿಗೂ ಕೊಟ್ಟಳು. ಆಷಾಢದಲ್ಲಿ ಬಾಡಿಗೆಯೇ ಅರ್ಧವಾಯಿತು. ಹೀಗೆ ಒಂದೂವರೆ ತಿಂಗಳ ಬಾಕಿ ಪುಸ್ತಕದಲ್ಲಿ ಇಂದಿಗೂ ಇದೆ. ಅವರು ಅದನ್ನು ಹೊಡೆದುಹಾಕಿಲ್ಲ, ಕೇಳಿಯೂ ಇಲ್ಲ.

ಈ ಬಗೆಯ ಮನೆಗಳಲ್ಲಿ ಹಣ ಹಾಕಲೆಳಸುವ ವಾಚಕರಿಗೆ ಇಷ್ಟನ್ನು ಹೇಳಬಹುದು. ಪಂಚಾಯಿತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಮಾರುವವನ ಹೆಸರಿನಲ್ಲಿವೆಯೇ ನೋಡತಕ್ಕುದು. ಮನೆಯನ್ನು ಬೇಸಗೆಯಲ್ಲಿ ಅಲ್ಲ, ಮಳೆಯ ಮರುದಿನ ನೋಡತಕ್ಕುದು. ಒಳಗಿರುವವರ ಬಾಯಿಂದಲೇ ಅವರ ಕರಾರನ್ನು ಕೇಳಿ ಬರೆಯಿಸಿಕೊಳ್ಳತಕ್ಕುದು. ಒಂದು ವರ್ಷಕ್ಕೆ ಮೀರಿದ ಕರಾರಿಗೆ 1908ರ ಶಾಸನದಂತೆ ನೋಂದಣಿ ಬೇಕಾದುದರಿಂದ ಜನರು ಹನ್ನೊಂದು ತಿಂಗಳಿಗೆ ಬರೆಯುವ ರೂಢಿಯನ್ನು ಮಾಡಿಕೊಂಡಿರುವರು. ಆದರೆ ಬರೆಯದೆಯೇ ಇರುವ ರೂಢಿ ಇನ್ನೂ ಕೆಟ್ಟುದು. ತನಗೆ ತಿಳಿದಿದ್ದು ಬಾಡಿಗೆಯವನ ಕಣ್ಣಿಗೆ ಬೀಳದ ದೋಷವನ್ನು ಹೇಳಿಬಿಡುವುದು ಒಡೆಯನಿಗೆ ಸೌಜನ್ಯ ಮಾತ್ರವಲ್ಲ, ಶಾಸನದ ಕಟ್ಟಳೆ. ಬಾಡಿಗೆಯವನು ಸ್ವಂತ ಖರ್ಚಿನಿಂದ ಹಾಕಿಕೊಂಡುದನ್ನು ಹೋಗುವಾಗ ಗೋಡೆಗೆ ಹಾನಿಯಿಲ್ಲದಂತೆ ಒಯ್ಯಬಹುದೆಂದು 1882ರ ಶಾಸನ ಹೇಳುತ್ತದೆ. ಪರರ ನೆಲದಲ್ಲಿ ಬಾಡಿಗೆ ಕೊಟ್ಟು ಮನೆ ಕಟ್ಟಿಕೊಂಡವನು ಹುಲ್ಲು, ಮರ, ಇಟ್ಟಿಗೆಗಳನ್ನು ತೆಗೆದುಕೊಂಡು ಹೋಗಬಹುದೆಂದು ನಾರದಸ್ಮೃತಿ ಎಷ್ಟೋ ಶತಮಾನಗಳ ಹಿಂದೆಯೇ ಹೇಳಿತ್ತು. ಒಂದು ಬಾಗಿಲ ಚಿಲಕಕ್ಕಾಗಿ ಮುಂಗಡವನ್ನು ಹಿಡಿದಿಡುವವರು ಎರಡನ್ನೂ ನೆನೆಯಲಿ.

ಕೊನೆಯದಾಗಿ, ಕೆಲವು ಮನೆಗಳನ್ನು ಉಳಿಸಿಕೊಳ್ಳದಿರುವುದೇ ವಿವೇಕ. ಗೋಡೆ ಬಿದ್ದ ಐದನೆಯ ಮನೆಯನ್ನು ಯಜಮಾನರು ಕಟ್ಟಿಸಲಿಲ್ಲ. ಅದರ ನಿವೇಶನವನ್ನು ಮಾರಿ ಉಳಿದ ನಾಲ್ಕರ ತೊಲೆಗಳನ್ನು ಬದಲಾಯಿಸಿದರು. ಒಟ್ಟಿನಲ್ಲಿ ನೋಡಿದರೆ ಬಂದ ಆದಾಯ, ಅದೇ ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿಗಿಂತ ಹೆಚ್ಚೇನೂ ಅಲ್ಲವೆಂದು ಮಗನು ಲೆಕ್ಕ ಹಾಕಿ ತೋರಿಸಿದನು. ತಂದೆ ಅದನ್ನು ಅಲ್ಲಗಳೆಯಲಿಲ್ಲ. ಬ್ಯಾಂಕಿನ ಹಣಕ್ಕೆ ಸೂರು ಸೋರುವುದಿಲ್ಲ. ಬಾಡಿಗೆಯ ಮನೆಗೆ ಇಳಿದವನು ಮನುಷ್ಯರೊಡನೆ ವ್ಯವಹಾರಕ್ಕಿಳಿದವನು. ಆ ಸಿದ್ಧತೆ ಇಲ್ಲದವನಿಗೆ ಎಷ್ಟು ಅಗ್ಗವಾಗಿ ದೊರೆತ ಮನೆಯೂ ದುಬಾರಿಯೇ ಸರಿ.